ಡಿಸ್ಕ್ ಪ್ಲೇಯರ್, ಹೋಂ ಥಿಯೇಟರ್ ಜೋಡಣೆ: ಗಂಟು ಬಿಚ್ಚೋರು ಯಾರು?

ಶಿವಮೊಗ್ಗದ ನಮ್ಮ ಸೋದರಮಾವನ ಮನೆಯಲ್ಲಿ ಒಂದು 5.1 ಸೆಟ್ ಇದೆ. ಟಿವಿಯ ಆಚೆ ಈಚೆ ಎರಡು ಸ್ಪೀಕರ್, ಟಿವಿ ಕೆಳಗೆ ಒಂದು, ಸೋಫಾ ಹಿಂದೆ ಎರಡು, ಮೂಲೆಯಲ್ಲಿ ಸಬ್‌ವೂಫರ್. ಅಂಗಡಿಯವರೇ ಬಂದು ಜೋಡಿಸಿ ಹೋಗಿದ್ದರು. ಹೋದ ದೀಪಾವಳಿಗೆ ಅಲ್ಲಿಗೆ ಹೋಗಿದ್ದಾಗ, ರಾತ್ರಿ ಊಟ ಆದ ಮೇಲೆ ಮಾವ ಒಂದು ಡಿವಿಡಿ ಹಾಕಿದರು. ಐದು ನಿಮಿಷ ಆಗಿರಬೇಕು, ನನ್ನ ಕಡೆ ತಿರುಗಿ ಕೇಳಿದರು:

"ಅಲ್ಲಯ್ಯಾ, ಹೀರೋ ಅಲ್ಲಿ ಟಿವಿಯಲ್ಲಿ ಮಾತಾಡ್ತಾನೆ, ಧ್ವನಿ ನನ್ನ ಬೆನ್ನ ಹಿಂದಿನಿಂದ ಬರುತ್ತೆ. ಎಲ್ಲರ ಮನೇಲೂ ಹೀಗೇನಾ?"

"ಇಲ್ಲ ಮಾವ, ಬೆಳಿಗ್ಗೆ ನೋಡ್ತೀನಿ ಇರಿ," ಅಂದೆ.

ಬೆಳಿಗ್ಗೆ ಟಿವಿ ಸ್ಟ್ಯಾಂಡ್ ಮುಂದಕ್ಕೆ ಎಳೆದು ನೋಡಿದರೆ, ಪ್ಲೇಯರ್‌ನಿಂದ ಸೆಟ್ಟಿಗೆ ಹೋಗಿದ್ದು ಎರಡೇ ವೈರ್. ಒಂದು ಕೆಂಪು, ಒಂದು ಬಿಳಿ. ಡಿಸ್ಕ್‌ನಲ್ಲಿ ಆರು ಚಾನೆಲ್, ಅಂದರೆ ಪ್ರತಿ ಸ್ಪೀಕರ್‌ಗೂ ಬೇರೆ ಬೇರೆ ಧ್ವನಿ, ಇದ್ದವು. ಪ್ಲೇಯರ್ ಅವನ್ನು ಎರಡಕ್ಕೆ ಇಳಿಸುತ್ತಿತ್ತು, ಸೆಟ್ಟು ಆ ಎರಡನ್ನೇ ಎಲ್ಲ ಸ್ಪೀಕರ್‌ಗೂ ಹಂಚುತ್ತಿತ್ತು. ಆರೂ ಸ್ಪೀಕರ್ ಸದ್ದು ಮಾಡುತ್ತಿದ್ದರಿಂದ ಮೂರು ವರ್ಷ ಯಾರಿಗೂ ಅನುಮಾನ ಬಂದಿರಲಿಲ್ಲ.

ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. ಪರೀಕ್ಷೆ ಸುಲಭ. ಒಂದು ಸಿನಿಮಾ ಹಾಕಿ, ಹಿಂದಿನ ಸ್ಪೀಕರ್‌ಗೆ ಕಿವಿ ಇಟ್ಟು ಕೇಳಿ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲೂ ಅಲ್ಲಿ ಮಾತು ಸ್ಪಷ್ಟವಾಗಿ ಕೇಳಿಸಿದರೆ ಅದು 5.1 ಅಲ್ಲ. ನಿಜವಾದ 5.1ರಲ್ಲಿ ಆ ಸ್ಪೀಕರ್ ಬಹಳ ಹೊತ್ತು ಸುಮ್ನೆ ಕೂತಿರುತ್ತದೆ. ಮಳೆ, ಜಾತ್ರೆಯ ಗದ್ದಲ, ತಲೆ ಮೇಲೆ ಹಾದುಹೋಗುವ ಹೆಲಿಕಾಪ್ಟರ್ ಬಂದಾಗ ಮಾತ್ರ ಏಳುತ್ತದೆ.

ಮೊದಲು ಗಂಟಿನ ವಿಷಯ

ವೈರ್ ಚುಚ್ಚುವುದು ಕಷ್ಟವೇ ಅಲ್ಲ. ಎಡವುವುದು ಬೇರೆ ಕಡೆ. ಅದಕ್ಕೇ ಇದನ್ನು ಮೊದಲು ಹೇಳಿಬಿಡುತ್ತೇನೆ.

ಡಿವಿಡಿಯಲ್ಲಿ ಧ್ವನಿಯನ್ನು ಹಾಗೇ ಹರಡಿ ಇಟ್ಟಿರುವುದಿಲ್ಲ. ಚೆನ್ನಾಗಿ ಅದುಮಿ, ಗಂಟು ಕಟ್ಟಿ ಇಟ್ಟಿರುತ್ತಾರೆ. ಆಡಿಯೋ ಸಿಡಿಯಲ್ಲಿ ಎರಡು ಚಾನೆಲ್‌ಗೇ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಡಿವಿಡಿಯ ಡಾಲ್ಬಿ ಡಿಜಿಟಲ್ ಎಂಬ ಗಂಟಿನಲ್ಲಿ ಆರು ಚಾನೆಲ್ ಸೇರಿದರೂ ಹೆಚ್ಚೆಂದರೆ 448 ಕಿಲೋಬಿಟ್. ಸಿಡಿ ತೆಗೆದುಕೊಳ್ಳುವ ಜಾಗದ ಮೂರನೇ ಒಂದು ಭಾಗವೂ ಇಲ್ಲ, ಚಾನೆಲ್ ಮಾತ್ರ ಮೂರು ಪಟ್ಟು. ಡಿಟಿಎಸ್ ಎಂಬ ಇನ್ನೊಂದು ಬಗೆಯ ಗಂಟು ಸ್ವಲ್ಪ ಧಾರಾಳಿ. ಡಿವಿಡಿಗಳಲ್ಲಿ ಸಾಮಾನ್ಯವಾಗಿ 768 ಕಿಲೋಬಿಟ್ ಇರುತ್ತದೆ.

ಈ ಗಂಟನ್ನು ಯಾರಾದರೂ ಬಿಚ್ಚಲೇಬೇಕು. ಒಂದೋ ಪ್ಲೇಯರ್ ಬಿಚ್ಚಬೇಕು, ಇಲ್ಲ ಹೋಂ ಥಿಯೇಟರ್ ಬಿಚ್ಚಬೇಕು. ಪ್ಲೇಯರ್ ಮೆನುವಿನಲ್ಲಿ ಬಿಟ್‌ಸ್ಟ್ರೀಮ್ ಅಥವಾ ರಾ ಎಂದು ಇದ್ದರೆ "ನಾನು ಮುಟ್ಟಲ್ಲ, ಗಂಟು ಹಾಗೇ ಕಳಿಸ್ತೀನಿ" ಎಂದು ಅರ್ಥ. ಪಿಸಿಎಂ ಎಂದಿದ್ದರೆ "ನಾನೇ ಬಿಚ್ಚಿ ಕಳಿಸ್ತೀನಿ" ಎಂದು. ಇಬ್ಬರೂ "ನೀನು ಬಿಚ್ಚು" ಅಂತ ಕೂತರೆ ಸದ್ದೇ ಇರುವುದಿಲ್ಲ, ಇಲ್ಲವೇ ಸುಯ್ ಅನ್ನುವ ಗದ್ದಲ ಬರುತ್ತದೆ. ಪ್ಲೇಯರ್ ಬಿಚ್ಚಿದರೂ ಹೋಗುವ ದಾರಿ ಕಿರಿದಾಗಿದ್ದರೆ ಎರಡೇ ಚಾನೆಲ್ ಆಚೆ ಬರುತ್ತವೆ. ಮುಂದೆ ಬರುವ ಎಲ್ಲ ಸೆಟ್ಟಿಂಗ್‌ಗಳೂ ಈ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ.

ಹಿಂಭಾಗ ನೋಡಿ, ಫೋಟೋ ತೆಗೆಯಿರಿ

ಎಲ್ಲ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ತೆಗೆಯಿರಿ. ಮೊಬೈಲ್ ಟಾರ್ಚ್ ಹಾಕಿ ಪ್ಲೇಯರ್ ಮತ್ತು ಹೋಂ ಥಿಯೇಟರ್ ಎರಡರ ಬೆನ್ನಿನ ಫೋಟೋ ತೆಗೆದುಕೊಳ್ಳಿ. ಮೊದಲೇ ಇರುವ ವೈರ್‌ಗಳ ಫೋಟೋ ಕೂಡ ಇರಲಿ. ಕೆಟ್ಟರೆ ಹಿಂದೆ ಹೋಗಲು ದಾರಿ ಬೇಕಲ್ವಾ.

ಈಗ ನಿಮ್ಮ ಹತ್ತಿರ ಇರುವುದು ಯಾವ ಜಾತಿಯ ಸೆಟ್ಟು ಅನ್ನುವುದನ್ನು ನೋಡಿ. ನಮ್ಮ ಕಡೆ ಹೋಂ ಥಿಯೇಟರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಮಾರುತ್ತಾರೆ.

ಮೊದಲನೆಯದು ರಿಸೀವರ್. ಡೆನಾನ್, ಯಮಾಹಾ, ಆಂಕ್ಯೋ, ಸೋನಿ ಇವರದ್ದೆಲ್ಲ ಇದೆ. ದೊಡ್ಡ ಡಬ್ಬ, ಮುಂದೆ ಡಿಸ್‌ಪ್ಲೇ, ಮೈಮೇಲೆ ಡಾಲ್ಬಿ ಮತ್ತು ಡಿಟಿಎಸ್ ಗುರುತು. ಇದಕ್ಕೆ ಗಂಟು ಬಿಚ್ಚಲು ಬರುತ್ತದೆ.

ಎರಡನೆಯದು ಅಂಗಡಿಗಳಲ್ಲಿ ಜಾಸ್ತಿ ಸಿಗುವ 5.1 ಮಲ್ಟಿಮೀಡಿಯಾ ಸ್ಪೀಕರ್ ಸೆಟ್. ಆಂಪ್ಲಿಫೈಯರ್ ಸಬ್‌ವೂಫರ್ ಡಬ್ಬದ ಒಳಗೇ ಇರುತ್ತದೆ. ಯುಎಸ್‌ಬಿ, ಎಫ್‌ಎಂ, ಬ್ಲೂಟೂತ್ ಎಲ್ಲ ಇರುತ್ತದೆ. ಆದರೆ ಬಹಳಷ್ಟು ಸೆಟ್‌ಗಳಿಗೆ ಗಂಟು ಬಿಚ್ಚಲು ಬರುವುದಿಲ್ಲ. ಹಿಂದೆ ಆಪ್ಟಿಕಲ್, ಕೋಆಕ್ಸಿಯಲ್, ಎಚ್‌ಡಿಎಂಐ ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಅದು ಈ ಜಾತಿ ಎಂದುಕೊಳ್ಳಿ. ಮಾವನದು ಇದೇ.

ಮೂರನೆಯದು ಸೌಂಡ್‌ಬಾರ್. ಆಂಪ್ಲಿಫೈಯರ್ ಒಳಗೇ ಡಿವಿಡಿ ಟ್ರೇ ಇರುವ ಸೆಟ್ ಕೂಡ ಉಂಟು. ಅದಕ್ಕೆ ಪ್ಲೇಯರ್ ಜೋಡಿಸುವ ಪ್ರಶ್ನೆಯೇ ಇಲ್ಲ, ಸ್ಪೀಕರ್ ಭಾಗಕ್ಕೆ ನೇರ ಹೋಗಿ.

ಆರು ವೈರಿನ ದಾರಿ

ಎರಡನೇ ಜಾತಿಯ ಸೆಟ್ ಇದ್ದವರಿಗೆ ಇದೊಂದೇ ದಾರಿ. ಬೇರೆಯವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ನಾನು ನೋಡಿದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಆಗಿವೆ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಸೆಟ್ಟಿಗೆ ಬಿಚ್ಚಲು ಬಾರದು ಅಂದ ಮೇಲೆ ಪ್ಲೇಯರ್ರೇ ಬಿಚ್ಚಬೇಕು. ಬಿಚ್ಚಿದ ಆರನ್ನೂ ಆರು ಬೇರೆ ವೈರ್‌ಗಳಲ್ಲಿ ಕಳಿಸಬೇಕು. ಅದಕ್ಕೆ ಪ್ಲೇಯರ್ ಬೆನ್ನಲ್ಲಿ 5.1 ಔಟ್ ಎಂದು ಆರು ತೂತು ಇರಬೇಕು. ಹಳೆಯ ಕಡಿಮೆ ಬೆಲೆಯ ಡಿವಿಡಿ ಪ್ಲೇಯರ್‌ಗಳಲ್ಲಿ ಇದು ಧಾರಾಳವಾಗಿ ಇರುತ್ತಿತ್ತು. ದುಬಾರಿ ಪ್ಲೇಯರ್‌ಗಳಲ್ಲೇ ಎಷ್ಟೋ ಸಲ ಇರುವುದಿಲ್ಲ. ಹಾಗಾಗಿ ಅಟ್ಟದ ಮೇಲೆ ಬಿದ್ದಿರುವ ಹಳೇ ಪ್ಲೇಯರನ್ನು ಗುಜರಿಗೆ ಹಾಕುವ ಮುಂಚೆ ಒಮ್ಮೆ ಬೆನ್ನು ತಿರುಗಿಸಿ ನೋಡಿ.

ಆರು ತೂತಿನ ಮೇಲೂ ಅಕ್ಷರ ಇರುತ್ತವೆ. ಎಫ್‌ಎಲ್ ಮುಂದಿನ ಎಡ, ಎಫ್‌ಆರ್ ಮುಂದಿನ ಬಲ. ಎಸ್‌ಎಲ್ ಹಿಂದಿನ ಎಡ, ಎಸ್‌ಆರ್ ಹಿಂದಿನ ಬಲ. ಸಿ ಅಥವಾ ಸಿಇಎನ್ ಅಂದರೆ ನಡುವಿನದು, ಎಸ್‌ಡಬ್ಲ್ಯೂ ಅಂದರೆ ಸಬ್‌ವೂಫರ್. ಎಡ ಬಲ ಎಂದರೆ ಸೋಫಾದಲ್ಲಿ ಕೂತು ಟಿವಿ ನೋಡುವವರ ಎಡ ಬಲ.

ಮೂರು ಜೋಡಿ ಆರ್‌ಸಿಎ ವೈರ್ ತೆಗೆದುಕೊಳ್ಳಿ. ಎಲ್ಲ ಜೋಡಿಯೂ ಕೆಂಪು ಬಿಳಿಯೇ ಆಗಿರುವುದರಿಂದ ಗೊಂದಲ ಖಂಡಿತ. ಒಂದು ಉಪಾಯ: ಮಕ್ಕಳ ನೋಟ್‌ಬುಕ್ಕಿಗೆ ಅಂಟಿಸುವ ಲೇಬಲ್ ಹರಿದು, ಪ್ರತಿ ವೈರಿನ ಎರಡೂ ತುದಿಗೆ ಮುಂದೆ, ಹಿಂದೆ, ನಡು ಎಂದು ಬರೆದು ಸುತ್ತಿ. ನಂತರ ಅಕ್ಷರಕ್ಕೆ ಅಕ್ಷರ ಹೊಂದಿಸಿ ಚುಚ್ಚುತ್ತಾ ಹೋಗಿ.

ಸಿ ಮತ್ತು ಎಸ್‌ಡಬ್ಲ್ಯೂ ಅದಲು ಬದಲಾಗುವುದು ಎಲ್ಲಕ್ಕಿಂತ ಸಾಮಾನ್ಯ. ಎರಡೂ ಅಕ್ಕಪಕ್ಕ ಇರುತ್ತವೆ, ಒಂದೇ ಜೋಡಿ ವೈರಿನಲ್ಲಿ ಹೋಗುತ್ತವೆ. ಬದಲಾದರೆ ಗುರುತಿಸುವುದು ಸುಲಭ. ಮಾತೆಲ್ಲ ಸಬ್‌ವೂಫರ್ ಒಳಗಿನಿಂದ ಹಂಡೆಯೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳಿಸುತ್ತದೆ. ಮಾವನ ಮನೆಯಲ್ಲಿ ನಾನೇ ಇದನ್ನು ಮಾಡಿದೆ. ಹೀರೋಯಿನ್ ಧ್ವನಿ ಕೇಳಿ ಅತ್ತೆ ಅಡುಗೆಮನೆಯಿಂದಲೇ "ಅವಳಿಗೆ ನೆಗಡಿಯೇನೋ?" ಅಂದರು.

ಇನ್ನೊಂದು ಕೆಂಪಿನ ಬಗ್ಗೆ ಎಚ್ಚರ. ಡಿವಿಡಿ ಪ್ಲೇಯರ್ ಬೆನ್ನಲ್ಲಿ ಹಸಿರು, ನೀಲಿ, ಕೆಂಪು ಎಂಬ ಮೂರು ತೂತು ಸಾಲಾಗಿ ಇದ್ದರೆ ಅದು ಕಾಂಪೊನೆಂಟ್ ವಿಡಿಯೋ, ಚಿತ್ರಕ್ಕೆ ಸೇರಿದ್ದು. ಧ್ವನಿಯ ಕೆಂಪು ವೈರನ್ನು ಆ ಕೆಂಪಿಗೆ ಚುಚ್ಚಿದರೆ ಬಲಗಡೆ ಸ್ಪೀಕರ್‌ನಲ್ಲಿ ಬರೀ ಗುಯ್‌ಗುಟ್ಟುವಿಕೆ.

ವೈರ್ ಆಯಿತು. ಇನ್ನು ಎರಡು ಕೆಲಸ ಬಾಕಿ, ಜನ ಮರೆಯುವುದು ಇವನ್ನೇ. ಒಂದು, ಸೆಟ್ಟಿನ ರಿಮೋಟ್‌ನಲ್ಲಿ ಇನ್‌ಪುಟ್ ಬದಲಿಸಿ ಆಕ್ಸ್ ಬಿಟ್ಟು 5.1 ಅಥವಾ ಡಿವಿಡಿ ಎಂಬುದಕ್ಕೆ ಬನ್ನಿ. ಎರಡು, ಪ್ಲೇಯರ್ ಸೆಟಪ್ ಮೆನುವಿನಲ್ಲಿ ಡೌನ್‌ಮಿಕ್ಸ್ ಎಂಬುದನ್ನು ಹುಡುಕಿ. ಅಲ್ಲಿ ಎಲ್‌ಟಿ/ಆರ್‌ಟಿ ಅಥವಾ ಸ್ಟೀರಿಯೋ ಎಂದಿದ್ದರೆ ಪ್ಲೇಯರ್ ಆರನ್ನು ಎರಡಕ್ಕೆ ಇಳಿಸುತ್ತಿದೆ ಎಂದು ಅರ್ಥ. ಅದನ್ನು 5.1 ಅಥವಾ ಆಫ್‌ಗೆ ಹಾಕಿ. ಅದೇ ಮೆನುವಿನಲ್ಲಿ ಸಬ್‌ವೂಫರ್ ಆನ್ ಇರಲಿ. ಸ್ಪೀಕರ್ ಲಾರ್ಜ್ ಅಥವಾ ಸ್ಮಾಲ್ ಎಂದು ಕೇಳಿದರೆ, ನಿಮ್ಮವು ಅಂಗೈಯಗಲದ ಪುಟ್ಟ ಸ್ಪೀಕರ್ ಆದರೆ ಸ್ಮಾಲ್ ಆರಿಸಿ. ಆಗ ದಪ್ಪ ಸದ್ದು ಅವಕ್ಕೆ ಹೋಗದೆ ಸಬ್‌ವೂಫರ್‌ಗೆ ಹೋಗುತ್ತದೆ.

ಕೆಲವು ರಿಸೀವರ್‌ಗಳಲ್ಲೂ ಮಲ್ಟಿ ಚಾನೆಲ್ ಇನ್ ಎಂದು ಆರು ತೂತು ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ರಿಸೀವರ್ ಯಾವುದನ್ನೂ ತಿದ್ದುವುದಿಲ್ಲ, ಬಂದದ್ದನ್ನು ದೊಡ್ಡದು ಮಾಡಿ ಕಳಿಸುತ್ತದೆ ಅಷ್ಟೇ. ಸ್ಪೀಕರ್ ಸೆಟ್ಟಿಂಗ್ ಎಲ್ಲ ಪ್ಲೇಯರ್‌ನಲ್ಲೇ ಮಾಡಬೇಕು.

ಎಚ್‌ಡಿಎಂಐ ದಾರಿ

ಪ್ಲೇಯರ್‌ನಲ್ಲೂ ರಿಸೀವರ್‌ನಲ್ಲೂ ಎಚ್‌ಡಿಎಂಐ ಇದ್ದರೆ ಬೇರೆ ಯೋಚನೆ ಬೇಡ. ಪ್ಲೇಯರ್‌ನ ಎಚ್‌ಡಿಎಂಐ ಔಟ್‌ನಿಂದ ರಿಸೀವರ್‌ನ ಬಿಡಿ (BD, ಅಂದರೆ ಬ್ಲೂ-ರೇ) ಅಥವಾ ಡಿವಿಡಿ ಎಂದು ಬರೆದಿರುವ ಇನ್‌ಪುಟ್‌ಗೆ ಒಂದು ಕೇಬಲ್. ರಿಸೀವರ್‌ನ ಮಾನಿಟರ್ ಔಟ್‌ನಿಂದ ಟಿವಿಗೆ ಇನ್ನೊಂದು. ಚಿತ್ರ ರಿಸೀವರ್ ದಾಟಿ ಟಿವಿಗೆ ಹೋಗುತ್ತದೆ, ಧ್ವನಿ ರಿಸೀವರ್‌ನಲ್ಲೇ ಉಳಿಯುತ್ತದೆ. ಟಿವಿ ಸ್ಪೀಕರ್ ಆಫ್ ಮಾಡಿಬಿಡಿ. ಎರಡೂ ಕಡೆ ಸದ್ದು ಬಂದರೆ ಪ್ರತಿಧ್ವನಿ ಬಂದ ಹಾಗೆ ಆಗುತ್ತದೆ.

ಬ್ಲೂ-ರೇ ಇಟ್ಟುಕೊಂಡವರಿಗೆ ಈ ದಾರಿಯೇ ಬೇಕು. ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಎಂಬವು ಒಂದು ಚೂರೂ ಕಳೆದುಕೊಳ್ಳದ ಗಂಟುಗಳು. ಅವು ಆಪ್ಟಿಕಲ್ ದಾರಿಯಲ್ಲಿ ಹಿಡಿಸುವುದಿಲ್ಲ. 2006ರಲ್ಲಿ ಬಂದ ಎಚ್‌ಡಿಎಂಐ 1.3ರಿಂದ ಇವನ್ನು ಗಂಟಾಗಿಯೇ ಕಳಿಸಬಹುದಾಯಿತು. ರಿಸೀವರ್ ಅದಕ್ಕಿಂತ ಹಳೆಯದಾದರೆ ಬೇಜಾರು ಬೇಡ. ಪ್ಲೇಯರನ್ನು ಪಿಸಿಎಂಗೆ ಹಾಕಿ, ಅದೇ ಬಿಚ್ಚಲಿ. ಎಚ್‌ಡಿಎಂಐ ಅಗಲದ ರಸ್ತೆ, ಬಿಚ್ಚಿದ ಚಾನೆಲ್‌ಗಳೂ ಅದರಲ್ಲಿ ಒಟ್ಟಿಗೆ ಹೋಗುತ್ತವೆ. ಎಲ್ಲಿ ಬಿಚ್ಚಿದರೂ ಒಳಗಿದ್ದದ್ದು ಒಂದೇ. ಪಿಸಿಎಂ ಅಂದರೆ ಎರಡೇ ಚಾನೆಲ್ ಎಂಬ ಮಾತು ಆಪ್ಟಿಕಲ್‌ಗೆ ನಿಜ, ಎಚ್‌ಡಿಎಂಐಗೆ ಅಲ್ಲ.

ರಿಸೀವರ್ ಹೊಸದಾದರೆ ಬಿಟ್‌ಸ್ಟ್ರೀಮ್ ಇಡಿ. ಜೊತೆಗೆ ಪ್ಲೇಯರ್ ಮೆನುವಿನಲ್ಲಿ ಸೆಕೆಂಡರಿ ಆಡಿಯೋ ಅಥವಾ ಬಿಡಿ ಆಡಿಯೋ ಮಿಕ್ಸ್ ಎಂಬುದು ಇರುತ್ತದೆ, ಅದನ್ನು ಆಫ್ ಮಾಡಿ. ಮೆನು ಒತ್ತಿದಾಗ ಬರುವ ಕ್ಲಿಕ್ ಶಬ್ದ, ನಿರ್ದೇಶಕರ ಮಾತಿನ ಟ್ರ್ಯಾಕ್ ಇವನ್ನು ಸಿನಿಮಾ ಧ್ವನಿಗೆ ಬೆರೆಸುವುದು ಅದರ ಕೆಲಸ. ಬೆರೆಸಬೇಕಾದರೆ ಪ್ಲೇಯರ್ ಗಂಟು ಬಿಚ್ಚಲೇಬೇಕಲ್ಲ. ಬಿಚ್ಚಿ, ಬೆರೆಸಿ, ಮತ್ತೆ ಸಾದಾ ಡಾಲ್ಬಿ ಅಥವಾ ಡಿಟಿಎಸ್ ಗಂಟು ಕಟ್ಟಿ ಕಳಿಸುತ್ತದೆ. ಒಂದು ಕ್ಲಿಕ್ ಶಬ್ದಕ್ಕಾಗಿ ಒಳ್ಳೆಯ ಧ್ವನಿ ಹೋಯಿತು. ಇದನ್ನು ಆನ್ ಇಟ್ಟುಕೊಂಡೇ ರಿಸೀವರ್ ಸರಿಯಿಲ್ಲ ಎನ್ನುವವರು ಬೇಕಾದಷ್ಟು ಜನ ಇದ್ದಾರೆ.

4ಕೆ ಡಿಸ್ಕ್ ಪ್ಲೇಯರ್ ತಂದವರಿಗೆ ಒಂದು ತೊಡಕು ಬರಬಹುದು. 4ಕೆ ಚಿತ್ರ ದಾಟಿಸಲು ರಿಸೀವರ್‌ನಲ್ಲಿ ಎಚ್‌ಡಿಸಿಪಿ 2.2 ಎಂಬ ನಕಲು ತಡೆಯುವ ವ್ಯವಸ್ಥೆ ಇರಬೇಕು. ಹಳೇ ರಿಸೀವರ್‌ನಲ್ಲಿ ಇರುವುದಿಲ್ಲ. ಅಂಥವರು ಎರಡು ಎಚ್‌ಡಿಎಂಐ ಔಟ್ ಇರುವ ಪ್ಲೇಯರನ್ನೇ ನೋಡಿ ತರಬೇಕು. ಒಂದು ನೇರ ಟಿವಿಗೆ, ಆಡಿಯೋ ಓನ್ಲಿ ಎಂದಿರುವ ಇನ್ನೊಂದು ರಿಸೀವರ್‌ಗೆ.

ಕೇಬಲ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಡಿವಿಡಿ, ಬ್ಲೂ-ರೇಗೆ ಹೈ ಸ್ಪೀಡ್ ಎಂದಿರುವ ಮಾಮೂಲಿ ಕೇಬಲ್ ಸಾಕು. 4ಕೆ ಆದರೆ ಪ್ರೀಮಿಯಂ ಹೈ ಸ್ಪೀಡ್. ಚಿನ್ನದ ಲೇಪ ಇದ್ದರೆ ಧ್ವನಿ ಸಿಹಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಆಪ್ಟಿಕಲ್, ಕೋಆಕ್ಸಿಯಲ್

ರಿಸೀವರ್‌ಗೆ ಗಂಟು ಬಿಚ್ಚಲು ಬರುತ್ತದೆ, ಎಚ್‌ಡಿಎಂಐ ಮಾತ್ರ ಇಲ್ಲ. ಆಗ ಇದು. ಚಿತ್ರಕ್ಕೆ ಪ್ಲೇಯರ್‌ನಿಂದ ಟಿವಿಗೆ ಬೇರೆ ವೈರ್, ಧ್ವನಿಗೆ ಈ ವೈರ್.

ಕೋಆಕ್ಸಿಯಲ್ ಎಂದರೆ ಕಿತ್ತಳೆ ಬಣ್ಣದ ಒಂದೇ ತೂತು. ಇದಕ್ಕೆಂದೇ ಕೇಬಲ್ ಸಿಗುತ್ತದೆ. ಸಿಗದಿದ್ದರೆ ಮೂರು ಬಣ್ಣದ ಎವಿ ವೈರಿನ ಹಳದಿ ಎಳೆಯನ್ನು ಬಳಸಿ. ಅದು ವಿಡಿಯೋಗೆ ಮಾಡಿದ 75 ಓಮ್ ವೈರ್, ಇದಕ್ಕೂ ಅದೇ ಬೇಕು. ಒಂದೇ ವೈರಿನಲ್ಲಿ ಆರು ಚಾನೆಲ್ ಹೋಗುತ್ತದೆ ಎಂದರೆ ಮಾವ ನಂಬಲೇ ಇಲ್ಲ. ಹೋಗುವುದು ಗಂಟಾಗಿ, ಅದಕ್ಕೇ.

ಆಪ್ಟಿಕಲ್ ಎಂದರೆ ಬೆಳಕಿನ ದಾರಿ. ತೋಷಿಬಾದವರು 1983ರಲ್ಲಿ ತಂದದ್ದು. ಕೇಬಲ್ ತುದಿಯಲ್ಲಿ ಪುಟ್ಟ ಪಾರದರ್ಶಕ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಒತ್ತಿ ಒತ್ತಿ ತೂತನ್ನೇ ಮುರಿದವರನ್ನು ನೋಡಿದ್ದೇನೆ. ಟೋಪಿ ತೆಗೆಯಿರಿ, ಒಂದು ಕಡೆ ಚಪ್ಪಟೆ ಇರುವುದನ್ನು ನೋಡಿಕೊಂಡು ಮೆಲ್ಲಗೆ ತಳ್ಳಿ, ಟಕ್ ಎಂದು ಕೂರಬೇಕು. ಪ್ಲೇಯರ್ ಆನ್ ಮಾಡಿದಾಗ ಇನ್ನೊಂದು ತುದಿಯಲ್ಲಿ ಕೆಂಪು ಬೆಳಕು ಕಾಣಿಸಿದರೆ ಕೇಬಲ್ ಸರಿ ಇದೆ. ಕಾಣದಿದ್ದರೆ ಎಲ್ಲೋ ತೀರಾ ಮಡಚಿದೆ, ಇಲ್ಲವೇ ಪ್ಲೇಯರ್ ಮೆನುವಿನಲ್ಲಿ ಎಸ್‌ಪಿಡಿಐಎಫ್, ಅಂದರೆ ಈ ಡಿಜಿಟಲ್ ಧ್ವನಿಯ ದಾರಿ, ಆಫ್ ಇದೆ.

ಈ ಎರಡೂ ಕಿರಿದಾದ ದಾರಿಗಳು. ಗಂಟಾಗಿ ಕಳಿಸಿದರೆ 5.1, ಬಿಚ್ಚಿ ಕಳಿಸಿದರೆ ಎರಡೇ ಚಾನೆಲ್. ಹಾಗಾಗಿ ಪ್ಲೇಯರ್‌ನಲ್ಲಿ ಬಿಟ್‌ಸ್ಟ್ರೀಮ್ ಅಥವಾ ರಾ ಇರಲೇಬೇಕು. ಪಿಸಿಎಂ ಇಟ್ಟುಕೊಂಡು ಹಿಂದಿನ ಸ್ಪೀಕರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ.

ಸೌಂಡ್‌ಬಾರ್ ಇರುವವರು ಮೊದಲು ಅದರಲ್ಲೇ ಎಚ್‌ಡಿಎಂಐ ಇನ್ ಇದೆಯಾ ನೋಡಿ. ಇದ್ದರೆ ಪ್ಲೇಯರನ್ನು ಅದಕ್ಕೇ ಕೊಡಿ. ಇಲ್ಲದಿದ್ದರೆ ಪ್ಲೇಯರ್ ಟಿವಿಗೆ, ಟಿವಿಯ ಎಆರ್‌ಸಿ ಎಂದಿರುವ ಎಚ್‌ಡಿಎಂಐ ತೂತಿನಿಂದ ಸೌಂಡ್‌ಬಾರ್‌ಗೆ. ಎಷ್ಟೋ ಟಿವಿಗಳು ಡಿಟಿಎಸ್ ಗಂಟನ್ನು ಮುಂದೆ ದಾಟಿಸುವುದಿಲ್ಲ. ಡಾಲ್ಬಿ ಟ್ರ್ಯಾಕ್‌ಗೆ ಸದ್ದು ಬಂದು ಡಿಟಿಎಸ್‌ಗೆ ಬರದಿದ್ದರೆ ತಪ್ಪು ಟಿವಿಯದೇ.

ಸ್ಪೀಕರ್ ವೈರ್, ಜಾಗ

ರಿಸೀವರ್ ಇದ್ದರೆ ಸ್ಪೀಕರ್‌ಗೆ ಬಿಡಿ ವೈರ್ ಹಾಕಬೇಕು. ತಾಮ್ರದ್ದು, 16 ಗೇಜ್ ಆದರೆ ಮನೆಯ ಹಾಲ್‌ಗೆ ಸಾಕು. ತುದಿಯ ಸಿಪ್ಪೆ ಒಂದು ಸೆಂಟಿಮೀಟರ್ ಸುಲಿದು, ಎಳೆಗಳನ್ನು ದೀಪದ ಬತ್ತಿ ಹೊಸೆದ ಹಾಗೆ ಹೊಸೆಯಿರಿ. ಒಂದೇ ಒಂದು ಕೂದಲಿನಂಥ ಎಳೆ ಆಚೆ ಉಳಿದು ಪಕ್ಕದ ತೂತಿಗೆ ತಾಗಿದರೂ ರಿಸೀವರ್ ಟಪ್ ಎಂದು ಆಫ್ ಆಗಿ ಕೂರುತ್ತದೆ.

ವೈರಿನ ಒಂದು ಎಳೆಯ ಮೇಲೆ ಗೆರೆ ಇರುತ್ತದೆ. ಅದನ್ನು ಪ್ಲಸ್ ಎಂದು ಇಟ್ಟುಕೊಂಡರೆ ಎಲ್ಲ ಸ್ಪೀಕರ್‌ಗೂ ಹಾಗೇ ಇಡಿ. ಒಂದರಲ್ಲಿ ಉಲ್ಟಾ ಆದರೆ ಉಳಿದ ಸ್ಪೀಕರ್‌ಗಳ ಕೋನ್, ಅಂದರೆ ಒಳಗೆ ಅದುರುವ ಭಾಗ, ಆಚೆ ಬರುವಾಗ ಇದರದ್ದು ಒಳಗೆ ಹೋಗುತ್ತದೆ. ದಪ್ಪ ಸದ್ದು ಒಂದನ್ನೊಂದು ಕಳೆದುಕೊಳ್ಳುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ಗೋಡೆಯೊಳಗೆ ಎಳೆದ ಹಳೇ ವೈರ್ ಆಗಿ ಗೆರೆ ಕಾಣದಿದ್ದರೆ ಗಡಿಯಾರದ ಸೆಲ್ ತನ್ನಿ, 1.5 ವೋಲ್ಟಿನದು. ರಿಸೀವರ್ ಕಡೆಯ ತುದಿಯನ್ನು ಬಿಚ್ಚಿ, ಸೆಲ್ಲಿನ ಎರಡು ಕಡೆಗೆ ಕ್ಷಣ ಮಾತ್ರ ಮುಟ್ಟಿಸಿ. ಇನ್ನೊಬ್ಬರು ಸ್ಪೀಕರ್ ಹತ್ತಿರ ನಿಂತು ನೋಡಲಿ. ಕೋನ್ ಟಿಕ್ ಎಂದು ಮುಂದೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ಎಳೆಯೇ ಪ್ಲಸ್. ಒಳಗೆ ಹೋದರೆ ಇನ್ನೊಂದು.

ಜಾಗದ ವಿಷಯದಲ್ಲಿ ಪುಸ್ತಕದ ಲೆಕ್ಕ ಒಂದಿದೆ, ನಮ್ಮ ಹಾಲ್ ಒಂದಿದೆ. ಮುಂದಿನ ಎರಡು ಸ್ಪೀಕರ್ ನಡುವಿನ ಅಂತರ ನಿಮ್ಮ ಸೋಫಾದಿಂದ ಅವು ಇರುವ ದೂರದಷ್ಟೇ ಅಥವಾ ಸ್ವಲ್ಪ ಕಡಿಮೆ ಇರಲಿ. ನಡುವಿನದು ಟಿವಿ ಕೆಳಗೆ, ಕಿವಿಯ ಕಡೆ ಸ್ವಲ್ಪ ಮೇಲೆ ಮುಖ ಮಾಡಿರಲಿ. ಹಿಂದಿನವು ನಿಜಕ್ಕೂ ಬೆನ್ನ ಹಿಂದೆ ಇರಬೇಕಿಲ್ಲ. ನೇರ ಮುಂದಕ್ಕೆ ಸೊನ್ನೆ ಡಿಗ್ರಿ ಎಂದುಕೊಂಡರೆ 110ರಿಂದ 120 ಡಿಗ್ರಿಯಲ್ಲಿ, ಅಂದರೆ ಪಕ್ಕದಲ್ಲೇ ತುಸು ಹಿಂದೆ. ನಮ್ಮಲ್ಲಿ ಸೋಫಾ ಗೋಡೆಗೇ ಅಂಟಿರುತ್ತದಲ್ವಾ, ಹಿಂದೆ ಜಾಗವೇ ಇರುವುದಿಲ್ಲ. ಆಗ ಅಕ್ಕಪಕ್ಕದ ಗೋಡೆಗೆ, ಕೂತವರ ಕಿವಿಗಿಂತ ಒಂದೆರಡು ಅಡಿ ಮೇಲೆ ಹಾಕಿ. ಸಬ್‌ವೂಫರ್ ಮೂಲೆಯಲ್ಲಿಟ್ಟರೆ ಗುಂ ಎನ್ನುವುದು ಜಾಸ್ತಿ. ಅತಿಯಾದರೆ ಗೋಡೆಯಿಂದ ಒಂದು ಅಡಿ ಎಳೆದು ನೋಡಿ.

ರಿಸೀವರ್‌ಗೆ ಪ್ರತಿ ಸ್ಪೀಕರ್‌ನ ದೂರ ಹೇಳಬೇಕು. ಟೇಪ್ ಹಿಡಿದು ನಿಮ್ಮ ತಲೆಯಿಂದ ಅಳೆಯಿರಿ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಮುಂದಿನ ಸ್ಪೀಕರ್ 3.4 ಮೀಟರ್ ದೂರ, ಹಿಂದಿನದು 1 ಮೀಟರ್ ಆದರೆ ಹಿಂದಿನ ಸದ್ದು 7 ಮಿಲಿಸೆಕೆಂಡ್ ಮೊದಲೇ ಬಂದು ಮುಟ್ಟುತ್ತದೆ. ದೂರ ಹೇಳಿದರೆ ರಿಸೀವರ್ ಅಷ್ಟು ಹೊತ್ತು ಅದನ್ನು ತಡೆದು ಕಳಿಸುತ್ತದೆ. ಜೊತೆಗೆ ಬಂದ ಮೈಕ್ ಇದ್ದರೆ ಇನ್ನೂ ಸಲೀಸು, ಕೂರುವ ಜಾಗದಲ್ಲಿಟ್ಟು ಬಟನ್ ಒತ್ತಿದರೆ ಅದೇ ಅಳೆದುಕೊಳ್ಳುತ್ತದೆ. ಆಗ ಫ್ಯಾನ್ ಆಫ್ ಇರಲಿ. ಕ್ರಾಸ್ಓವರ್, ಅಂದರೆ ಎಲ್ಲಿಂದ ಕೆಳಗಿನ ದಪ್ಪ ಸದ್ದು ಸಬ್‌ವೂಫರ್‌ಗೆ ಹೋಗಬೇಕು ಎಂದು ಕೇಳಿದರೆ 80 ಹರ್ಟ್ಜ್‌ನಿಂದ ಶುರು ಮಾಡಿ. ಸ್ಪೀಕರ್ ತೀರಾ ಪುಟ್ಟವಾದರೆ ಮೇಲಕ್ಕೆ ಹೋಗಿ.

ಡಿಸ್ಕ್ ಹಾಕಿ ನೋಡಿ

ವಾಲ್ಯೂಮ್ ಪೂರ್ತಿ ಇಳಿಸಿ ಆನ್ ಮಾಡಿ. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಪ್ಲೇಯರ್. ಟೆಸ್ಟ್ ಟೋನ್ ಎಂಬ ಬಟನ್ ಇದ್ದರೆ ಒತ್ತಿ, ಒಂದೊಂದೇ ಸ್ಪೀಕರ್‌ನಿಂದ ಶ್ ಎಂಬ ಸದ್ದು ಸುತ್ತು ಹೊಡೆಯಬೇಕು.

ಈಗ ಡಿಸ್ಕ್. ಇಲ್ಲೊಂದು ಮೋಸ ಇದೆ. ಒಂದೇ ಡಿವಿಡಿಯಲ್ಲಿ ಎರಡು ಮೂರು ಧ್ವನಿ ಟ್ರ್ಯಾಕ್ ಇರಬಹುದು. ಕವರ್ ಮೇಲೆ 5.1 ಎಂದು ದೊಡ್ಡದಾಗಿ ಹಾಕಿದ್ದರೂ ಡಿಸ್ಕ್ ತಾನಾಗಿ ಎರಡೇ ಚಾನೆಲ್‌ನ 2.0 ಟ್ರ್ಯಾಕ್‌ನಲ್ಲಿ ಶುರುವಾಗಬಹುದು. ರಿಮೋಟ್‌ನಲ್ಲಿ ಆಡಿಯೋ ಬಟನ್ ಒತ್ತುತ್ತಾ ಹೋಗಿ, ಪರದೆ ಮೂಲೆಯಲ್ಲಿ 5.1 ಎಂದು ಬರುವವರೆಗೆ. ವಿಸಿಡಿಯಲ್ಲಿ ಹುಡುಕಬೇಡಿ, ಅದರಲ್ಲಿ ಇರುವುದೇ ಎರಡು ಚಾನೆಲ್.

ರಿಸೀವರ್ ಡಿಸ್‌ಪ್ಲೇಯಲ್ಲಿ ಏನು ಬರೆದಿದೆ ನೋಡಿ. ಡಾಲ್ಬಿ ಡಿ ಅಥವಾ ಡಿಟಿಎಸ್ ಎಂದಿದ್ದರೆ ಗಂಟು ಬಂದು ತಲುಪಿದೆ. ಆಪ್ಟಿಕಲ್ ಹಾಕಿಯೂ ಪಿಸಿಎಂ ಎಂದಿದ್ದರೆ ಪ್ಲೇಯರ್ ಬಿಚ್ಚಿ ಎರಡು ಮಾಡಿದೆ.

ಡಾಲ್ಬಿ ಟ್ರ್ಯಾಕ್ ಚೆನ್ನಾಗಿ ಬಂದು, ಡಿಟಿಎಸ್‌ಗೆ ಬದಲಿಸಿದ ಕೂಡಲೇ ನಿಶ್ಶಬ್ದ ಆದರೆ ಪ್ಲೇಯರ್ ಮುಖದ ಮೇಲಿನ ಡಿಟಿಎಸ್ ಗುರುತನ್ನು ಹತ್ತಿರದಿಂದ ಓದಿ. ಕೆಳಗೆ ಸಣ್ಣದಾಗಿ ಡಿಜಿಟಲ್ ಔಟ್ ಎಂದಿರುತ್ತದೆ. ಡಿಟಿಎಸ್ ಗಂಟನ್ನು ಹಾಗೇ ದಾಟಿಸುತ್ತೇನೆ, ಬಿಚ್ಚುವುದಿಲ್ಲ ಎಂದು ಅದರ ಅರ್ಥ. ಆರು ವೈರಿನ ದಾರಿಯಲ್ಲಿ ಇಂಥ ಪ್ಲೇಯರ್‌ನಿಂದ ಡಿಟಿಎಸ್ ಕೇಳಿಸುವುದೇ ಇಲ್ಲ. ಮಾವನ ಪ್ಲೇಯರ್ ಹೀಗೇ. ಡಾಲ್ಬಿ ಟ್ರ್ಯಾಕ್‌ನಲ್ಲೇ ನೋಡಿ ಎಂದು ಚೀಟಿ ಬರೆದು ರಿಮೋಟ್ ಬೆನ್ನಿಗೆ ಅಂಟಿಸಿ ಬಂದಿದ್ದೇನೆ.

ಗುಂಯ್, ತಡ, ಮತ್ತೆ ಕೆಲವು ಕಾಟ

ಡಿಸ್ಕ್ ನಿಲ್ಲಿಸಿದರೂ ಗುಂಯ್ ಎಂದು ಒಂದೇ ಸಮನೆ ಬರುತ್ತಿದ್ದರೆ ಅದು ಕರೆಂಟಿನ 50 ಹರ್ಟ್ಜ್ ಸದ್ದು. ಹಿಂದೆ ಮುಂದೆ ನೋಡದೆ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ಅಥವಾ ಡಿಶ್ ವೈರ್ ಒಮ್ಮೆ ಕಿತ್ತು ನೋಡಿ. ಗುಂಯ್ ನಿಂತರೆ ಕಳ್ಳ ಸಿಕ್ಕಿದ. ಆ ವೈರ್ ಹೊರಗಿನ ಭೂಮಿಯನ್ನು ಮನೆಯ ಅರ್ಥಿಂಗ್‌ಗೆ ಸೇರಿಸಿ ಒಂದು ಸುತ್ತು ಮಾಡಿರುತ್ತದೆ. ಎಲ್ಲ ಸಾಮಾನನ್ನೂ ಒಂದೇ ಪಾಯಿಂಟ್‌ನಿಂದ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಕೆಲವೊಮ್ಮೆ ಹೋಗುತ್ತದೆ. ಆಪ್ಟಿಕಲ್‌ನಲ್ಲಿ ಬೆಳಕು ಹೋಗುವುದರಿಂದ ಆ ದಾರಿಯಲ್ಲಿ ಈ ಸುತ್ತು ಆಗುವುದೇ ಇಲ್ಲ. ಪ್ಲಗ್ಗಿನ ದಪ್ಪ ಮೂರನೇ ಪಿನ್ ಕಿತ್ತರೆ ಗುಂಯ್ ಹೋಗುತ್ತದೆ ಎಂದು ಹೇಳುವವರಿದ್ದಾರೆ. ಹೋದರೂ ಅದನ್ನು ಕೀಳಬೇಡಿ. ಶಾಕ್ ತಪ್ಪಿಸುವುದೇ ಆ ಪಿನ್.

ತುಟಿ ಒಂದು ಕಡೆ ಮಾತು ಒಂದು ಕಡೆ ಆದರೆ ಟಿವಿ ಚಿತ್ರವನ್ನು ತಿದ್ದಿ ತೀಡುತ್ತಾ ತಡ ಮಾಡುತ್ತಿದೆ. ರಿಸೀವರ್‌ನಲ್ಲಿ ಲಿಪ್ ಸಿಂಕ್ ಅಥವಾ ಎವಿ ಸಿಂಕ್‌ಗೆ ಹೋಗಿ 20 ಮಿಲಿಸೆಕೆಂಡ್‌ನಂತೆ ಏರಿಸುತ್ತಾ, ಯಾರಾದರೂ ಬಾಗಿಲು ಬಡಿಯುವ ದೃಶ್ಯ ಇಟ್ಟು ಹೊಂದಿಸಿ.

ಮಾತು ಕೇಳಿಸಲ್ಲ, ಫೈಟ್ ಬಂದರೆ ಕಿವಿ ಹರಿಯುತ್ತದೆ ಎಂಬ ದೂರು ಎಲ್ಲರ ಮನೆಯಲ್ಲೂ ಇದೆ. ನಡುವಿನ ಸ್ಪೀಕರನ್ನು ಎರಡು ಮೂರು ಡೆಸಿಬೆಲ್ ಏರಿಸಿ. ರಾತ್ರಿ ಹೊತ್ತು ಡಿಆರ್‌ಸಿ ಅಥವಾ ನೈಟ್ ಮೋಡ್ ಆನ್ ಮಾಡಿದರೆ ದೊಡ್ಡ ಸದ್ದು ಇಳಿದು ಸಣ್ಣ ಸದ್ದು ಏರುತ್ತದೆ. ಪಕ್ಕದ ಮನೆಯವರ ಜೊತೆ ಮಾತುಕತೆಯೂ ಉಳಿಯುತ್ತದೆ.

ಅಮೆರಿಕದಲ್ಲಿರುವ ಮಗನೋ ಮಗಳೋ ಸೂಟ್‌ಕೇಸ್‌ನಲ್ಲಿ ಪ್ಲೇಯರ್ ತಂದುಕೊಟ್ಟಿದ್ದರೆ ಪ್ಲಗ್ ಹಾಕುವ ಮುಂಚೆ ಬೆನ್ನ ಮೇಲಿನ ಅಕ್ಷರ ಓದಿ. 100-240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು. ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್‌ಗೆ ಹೊಗೆ ಬರುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಡಿಸ್ಕ್‌ನ ರೀಜನ್ ಕೂಡ ನೋಡಿ. ಡಿವಿಡಿಗೆ ಅಮೆರಿಕ 1, ಭಾರತ 5. ಬ್ಲೂ-ರೇಗೆ ಅಲ್ಲಿ ಎ, ಇಲ್ಲಿ ಸಿ.

ಮಾವನ ಮನೆಯಲ್ಲಿ ಎಲ್ಲ ಮುಗಿದ ಮೇಲೆ ಅತ್ತೆ ಬೀರುವಿನಿಂದ ಅವರ ಮದುವೆ ಡಿಸ್ಕ್ ತಂದರು. ಹಳೇ ವಿಡಿಯೋ ಕ್ಯಾಸೆಟ್ಟಿನಿಂದ ಡಿವಿಡಿಗೆ ಹಾಕಿಸಿದ್ದು. ಹಾಕಿದರೆ ಮುಂದಿನ ಎರಡು ಸ್ಪೀಕರ್ ಬಿಟ್ಟು ಉಳಿದವೆಲ್ಲ ಮೌನ. ಅದು ಸರಿಯೇ, ಡಿಸ್ಕ್‌ನಲ್ಲಿ ಇಲ್ಲದ್ದು ಸ್ಪೀಕರ್‌ಗೆ ಎಲ್ಲಿಂದ ಬರಬೇಕು? ಆದರೂ ಮಾವನ ಸಮಾಧಾನಕ್ಕೆ ಪ್ಲೇಯರ್ ಮೆನುವಿನಲ್ಲಿ ಪ್ರೊ ಲಾಜಿಕ್ ಆನ್ ಮಾಡಿದೆ. ಎಡ ಬಲದಲ್ಲಿ ಇರುವ ವ್ಯತ್ಯಾಸವನ್ನು ನೋಡಿ ಹಿಂದಿನ ಸ್ಪೀಕರ್‌ಗೆ ಕಳಿಸುವುದು, ಎರಡರಲ್ಲೂ ಒಂದೇ ಇದ್ದರೆ ನಡುವಿನದಕ್ಕೆ ಕೊಡುವುದು ಅದರ ಕ್ರಮ. ಆ ಕ್ಯಾಸೆಟ್ ಮೋನೋ ಆಗಿತ್ತು. ಎಡಕ್ಕೂ ಬಲಕ್ಕೂ ವ್ಯತ್ಯಾಸವೇ ಇಲ್ಲ. ಇದ್ದಬದ್ದ ಸದ್ದೆಲ್ಲ ಟಿವಿ ಕೆಳಗಿನ ಪುಟ್ಟ ಸ್ಪೀಕರ್ ಒಂದಕ್ಕೇ ಹೋಯಿತು.

"ಹಿಂದಿನದು ಈಗಲೂ ಬರಲಿಲ್ಲವಲ್ಲೋ," ಅಂದರು ಮಾವ.

"ಅಷ್ಟು ಸಾಕು ಬಿಡ್ರೀ," ಅಂದರು ಅತ್ತೆ. "ಆವತ್ತೂ ಓಲಗದವರು ಒಂದೇ ಮೂಲೇಲಿ ಕೂತಿದ್ರು."